ಇರುವೆ ಹತ್ತಿದ ಬಟ್ಟೆ

೧೯೮೫ನೆಯ ಇಸವಿ ಮೇ ತಿಂಗಳ ಹದಿನಾಲ್ಕನೆಯ ತಾರೀಖು, ಮಂಗಳವಾರ; ಬೇಸಿಗೆಯ ತುತ್ತತುದಿ. ವಾರಗಟ್ಟಲೆ ಒಂದು ಹನಿ ಬೀಳದೆ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಬೀಸಿದ ಗಾಳಿಯೂ ಒಲೆಯ ಬಾಯಿಂದ ಬಂದಂತಿತ್ತು. ಅಂದು ಬೆಳಗ್ಗೆ, ತೊಗಲು ಕಾರ್ಖಾನೆಯ ಹಿಂದಿನ ಮೂರನೆಯ ಓಣಿಯ ಮನೆಯೊಂದರಲ್ಲಿ, ಹದಿನೆಂಟು ದಿನದ ಗಂಡು ಕೂಸೊಂದು ಅಜ್ಜಿಯ ತೊಡೆಯ ಮೇಲೆ ಮಲಗಿ, ಬಾಯಿಗೆ ಹನಿಸಿದ ಚಮಚದ ನೀರನ್ನು ನುಂಗದೆ ಬಿಟ್ಟಿತು. ನೀರು ಕಟವಾಯಿಯಿಂದ ಇಳಿದು ಕಿವಿಯ ಹಿಂದಕ್ಕೆ ಹರಿಯಿತು. ಅಜ್ಜಿ ಅದನ್ನು ಒರೆಸಿ ಇನ್ನೊಂದು ಚಮಚ ತುಂಬಿದಳು. ಅದೂ ಹರಿದುಹೋಯಿತು. ಮೂರನೆಯದನ್ನು ತುಂಬುವಷ್ಟರಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಸೊಸೆ ಬಾಯಿ ತೆರೆದಳು.

"ಅತ್ತೆ, ಸಾಕು ಬಿಡಿ. ಅವನು ಹೋಗಿ ಆಗ್ಲೇ ಎಷ್ಟೋ ಹೊತ್ತಾಯ್ತು."

"ಮುಚ್ಚು ಬಾಯಿ," ಎಂದಳು ಅತ್ತೆ. "ನಿನ್ನ ಕೈ ಕೊಳೆ ತಿಂದು ಹೋದ ಮಗು ಇದು. ನನ್ನ ಕೈಯಲ್ಲಿ ಚಮಚ ಇದ್ದಾಗ ಮನೆಯಲ್ಲಿ ಕೂಸು ಸತ್ತಿದ್ದನ್ನ ಈ ಓಣಿ ನೋಡಿರಲಿಲ್ಲ. ಅದನ್ನೂ ತೋರಿಸಿಬಿಟ್ಟೆಯಲ್ಲೇ."

ಹಿತ್ತಲಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ಕೂಸಿನ ಬಟ್ಟೆಗಳಿಗೆ ಇರುವೆ ಹತ್ತಿತ್ತು. ಅತ್ತೆ ಅದನ್ನು ಮೂರು ದಿನದಿಂದ ನೋಡುತ್ತಿದ್ದಳು, ಮೂರು ದಿನದಿಂದಲೂ ಅದಕ್ಕಾಗಿಯೇ ಬೈಯುತ್ತಿದ್ದಳು: ಸಕ್ಕರೆ ಮುಟ್ಟಿದ ಕೈಯಲ್ಲಿ ಬಟ್ಟೆ ಮುಟ್ಟುತ್ತಾಳೆ, ಸರಿಯಾಗಿ ಹಿಂಡುವುದಿಲ್ಲ, ತೊಳೆಯುವುದೆಂದರೆ ನೀರು ತೋರಿಸುವುದು ಎಂದುಕೊಂಡಿದ್ದಾಳೆ.

ಈ ಅತ್ತೆಯನ್ನು ಊರಿನ ಆ ಭಾಗದಲ್ಲಿ ಎಲ್ಲರೂ ಚಮಚದಮ್ಮ ಎಂದು ಕರೆಯುತ್ತಿದ್ದರು. ಆಕೆ ಹುಟ್ಟಿದ್ದು ೧೯೩೪ರ ಫೆಬ್ರವರಿ ಹನ್ನೆರಡರಂದು. ವಾರ್ಡಿನ ಆರೋಗ್ಯ ಕೇಂದ್ರಕ್ಕೆ ದಾದಿಯಾಗಿ ಸೇರಿದ್ದು ೧೯೫೭ರ ಜುಲೈ ಒಂದರಂದು. ಗಂಡ ತೀರಿಕೊಂಡಾಗ ಇದ್ದೊಬ್ಬ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸಾಕಿದ್ದೂ ಅದೇ ಸಂಬಳ, ಅದೇ ಬಿಗಿ. ಮನೆಯ ಹೊಸ್ತಿಲ ಬಳಿ ಸೋಪು, ಸೋಪಿನ ಬಳಿ ಉಗುರು ಉಜ್ಜುವ ಬ್ರಷ್ಷು, ಬ್ರಷ್ಷಿನ ಬಳಿ ಬಿಳಿಯ ಟವೆಲ್ಲು. ಹೊರಗಿನಿಂದ ಬಂದವರು ಈ ಮೂರನ್ನೂ ಇದೇ ಅನುಕ್ರಮದಲ್ಲಿ ಮುಟ್ಟದೆ ಒಳಗೆ ಕಾಲಿಡುವಂತಿರಲಿಲ್ಲ.

ಹೆಸರು ತಂದುಕೊಟ್ಟ ಚಮಚ ಆಕೆಯ ಕೈಗೆ ಬಂದದ್ದು ೧೯೭೩ರ ಜೂನ್ ತಿಂಗಳಲ್ಲಿ, ಒಂದು ವಾರದ ತರಬೇತಿಯಲ್ಲಿ. ಪಾಠ ಹೇಳಿದ ಯುವ ವೈದ್ಯ ಪುಸ್ತಕ ಬಿಡಿಸಲಿಲ್ಲ. ದಾದಿಯರನ್ನೆಲ್ಲ ಎಬ್ಬಿಸಿ ಸಭಾಂಗಣದ ಬಾಗಿಲ ಹತ್ತಿರ ನಿಲ್ಲಿಸಿದ. ಕರುಳಿನ ಗೋಡೆಯೆಂದರೆ ಜೀವಕೋಶಗಳ ಸಾಲು, ಪ್ರತಿ ಕೋಶಕ್ಕೂ ಜಿಡ್ಡಿನ ತೆಳ್ಳನೆಯ ಹೊದಿಕೆ, ನೀರಿನಲ್ಲಿ ಕರಗಿದ ಉಪ್ಪಿಗಾಗಲಿ ಸಕ್ಕರೆಗಾಗಲಿ ಆ ಜಿಡ್ಡನ್ನು ದಾಟಲು ಸಾಧ್ಯವಿಲ್ಲ ಎಂದ. ಆದ್ದರಿಂದ ಆ ಹೊದಿಕೆಯಲ್ಲಿ ಅಲ್ಲಲ್ಲಿ ಪ್ರೋಟೀನಿನ ಕಣಗಳು ಕುಳಿತಿರುತ್ತವೆ. ಅವುಗಳ ಕೆಲಸ ದಾಟಿಸುವುದು, ಅಷ್ಟೇ. ಒಬ್ಬಳನ್ನು ಬಾಗಿಲಿನಲ್ಲಿ ನಿಲ್ಲಿಸಿ ಅವಳಿಗೆ 'ಬಾಗಿಲವಳು' ಎಂದು ಹೆಸರಿಟ್ಟ. ಇಬ್ಬರು ಉಪ್ಪು, ಒಬ್ಬಳು ಸಕ್ಕರೆ. ಉಪ್ಪಿನವರು ಮಾತ್ರ ಬಂದರೆ ಬಾಗಿಲವಳು ಅಲುಗಾಡಬಾರದು. ಸಕ್ಕರೆಯವಳು ಮಾತ್ರ ಬಂದರೂ ಅಲುಗಾಡಬಾರದು. ಮೂವರೂ ಬಂದು ಕೈ ಹಿಡಿದಾಗ ಆಕೆ ಗರ್ರನೆ ತಿರುಗಿ, ಹೊರಗೆ ಬೆನ್ನು ಹಾಕಿ, ಮೂವರನ್ನೂ ಒಳಗೆ ಬಿಟ್ಟು ಮತ್ತೆ ಹೊರಗೆ ಮುಖ ಮಾಡಬೇಕು. ಉಪ್ಪು ಸಕ್ಕರೆ ಒಳಹೋದ ಮೇಲೆ ನೀರು ಕರೆಯದೆಯೇ ಅವುಗಳ ಹಿಂದೆ ಹೋಗುತ್ತದೆ. ಒಳಗೆ ಬಂದ ಉಪ್ಪನ್ನು ಕೋಶದ ಹಿಂಬದಿಯ ಇನ್ನೊಂದು ಪ್ರೋಟೀನು ದುಡಿದು ದುಡಿದು ರಕ್ತದ ಕಡೆಗೆ ಎತ್ತಿಹಾಕುತ್ತಲೇ ಇರುವುದರಿಂದ ಮುಂಬಾಗಿಲಿಗೆ ಉಪ್ಪು ನುಗ್ಗುವುದು ನಿಲ್ಲುವುದಿಲ್ಲ. ಕಾಲರಾದ ವಿಷ ಬೇರೆ ಬಾಗಿಲುಗಳನ್ನು ಹಾರು ಹೊಡೆದು ಮೈನೀರನ್ನು ಹೊರಗೆ ಚೆಲ್ಲಿದರೂ ಈ ಬಾಗಿಲವಳ ಕೂದಲನ್ನೂ ಕೊಂಕಿಸಲಾರದು. ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಹನಿಹನಿಯಾಗಿ ಕುಡಿಸಿದರೆ ರೋಗಿ ಬದುಕುವುದು ಅವಳ ದಯೆಯಿಂದ.

ಅಂದು ಬಾಗಿಲವಳಾಗಿ ನಿಂತದ್ದು ಚಮಚದಮ್ಮನೇ. ತಿರುಗಿ ತಿರುಗಿ ತಲೆ ಸುತ್ತಿದರೂ ಆಕೆ ಜಾಗ ಬಿಟ್ಟುಕೊಡಲಿಲ್ಲ.

೧೯೭೫ರ ಆಗಸ್ಟಿನಲ್ಲಿ ಕಾರ್ಖಾನೆಯ ಹಿಂದಿನ ಓಣಿಗಳಲ್ಲಿ ಚರಂಡಿ ನೀರು ಕುಡಿಯುವ ನೀರಿನ ಪೈಪಿಗೆ ಸೇರಿ ಕಾಲರಾ ಹಬ್ಬಿತು. ಮಲಗಿದವರು ಇನ್ನೂರಕ್ಕೂ ಮೇಲೆ. ಕೇಂದ್ರದಲ್ಲಿದ್ದ ಸಲೈನ್ ಬಾಟಲಿಗಳು ಎರಡೇ ದಿನಕ್ಕೆ ಮುಗಿದವು. ಚಮಚದಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಮನೆಯಿಂದ ಮನೆಗೆ ಕೊಡ ಹೊತ್ತು, ಬಾಯಿ ಬಿಡಲಾರದವರ ಹಲ್ಲಿನ ಸಂದಿಗೆ ಚಮಚ ತೂರಿಸಿ ಕುಡಿಸಿದಳು. ಸತ್ತವರು ಬೆರಳೆಣಿಕೆಯಷ್ಟು. ಆಮೇಲೆ ಆಕೆ ಪ್ರತಿ ಶನಿವಾರ ತಾಯಂದಿರ ತರಗತಿ ನಡೆಸತೊಡಗಿದಳು; ಬಾಗಿಲವಳ ಆಟ ಆಡಿಸುವಳು; ಕೊನೆಗೆ ತಪ್ಪದೆ ಒಂದು ಮಾತು ಹೇಳುವಳು: "ಬಾಗಿಲವಳು ಎಲ್ಲರ ಹೊಟ್ಟೆಯಲ್ಲೂ ಇದ್ದಾಳೆ. ಅವಳಿಗೆ ಬಡವ ಗೊತ್ತಿಲ್ಲ, ಬಲ್ಲಿದ ಗೊತ್ತಿಲ್ಲ. ಕುಡಿಸಿ, ಅಷ್ಟೇ. ಮಗು ಉಚ್ಚೆ ಹೊಯ್ದು ಬಟ್ಟೆ ಒದ್ದೆ ಮಾಡ್ತು ಅಂದ್ರೆ ಗೆದ್ದಿರಿ ಅಂತ ತಿಳ್ಕೊಳ್ಳಿ."

"ಸಾಹೇಬರಿಗೆ ಚಮಚ ಆಗಿ ಮೇಲೆ ಬಂದವರನ್ನ ಬೇಕಾದಷ್ಟು ನೋಡಿದ್ದೀನಿ," ಎಂದು ಕೇಂದ್ರದ ಗುಮಾಸ್ತ ನಗುವನು. "ಚಮಚ ಹಿಡಿದೇ ಮೇಲೆ ಬಂದವರು ನೀವೊಬ್ಬರೇ ಕಣಮ್ಮ."

ಆಕೆ ನಗುತ್ತಿರಲಿಲ್ಲ. ಹೊಗಳಿಕೆಯನ್ನು ಬಾಕಿ ಸಂಬಳದ ಹಾಗೆ, ತನಗೆ ಸಲ್ಲತಕ್ಕದ್ದೆಂಬಂತೆ ತೆಗೆದುಕೊಳ್ಳುವಳು.

ಮಗ ಬಸ್ ಡಿಪೋದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕೆಲಸಕ್ಕೆ ಸೇರಿದ. ತಾಯಿಯ ಮಾತಿಗೆ ಎದುರಾಡಿದವನಲ್ಲ. ಎದುರಾಡುವಷ್ಟು ಉದ್ದದ ಮಾತನ್ನೇ ಆಡಿದವನಲ್ಲ. ೧೯೮೩ರ ಡಿಸೆಂಬರ್ ನಾಲ್ಕರಂದು ಅವನಿಗೆ ಮದುವೆಯಾಯಿತು. ಹೆಣ್ಣು ಚಮಚದಮ್ಮನ ಸ್ವಂತ ಅಣ್ಣನ ಮಗಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಜ ಹೊಲಿಯುವವಳು. ಹುಟ್ಟಿನಿಂದಲೇ ಸೊಸೆಯಾಗಿದ್ದವಳು ಮದುವೆಯಿಂದ ಇನ್ನೊಮ್ಮೆ ಸೊಸೆಯಾದಳು. "ಬೇರೆಯವರ ಮನೆ ಹೆಣ್ಣು ತಂದ್ರೆ ಅವರ ಮನೆ ರೋಗ ರುಜಿನ ಎಲ್ಲ ಒಳಗೆ ಬರುತ್ತೆ," ಎಂದು ಅಣ್ಣನಿಗೆ ಹೇಳಿದ್ದಳು ಚಮಚದಮ್ಮ. "ನಮ್ಮ ರಕ್ತ ನನಗೆ ಗೊತ್ತು."

ಮೊದಲ ಕೂಸು ಹುಟ್ಟಿದ್ದು ೧೯೮೫ರ ಏಪ್ರಿಲ್ ೨೬ರಂದು. ಮೊಲೆಹಾಲು ಕುಡಿಯಲು ತೊಡಗಿದ ಮರುದಿನದಿಂದಲೇ ಬಟ್ಟೆ ಒದ್ದೆಯಾಗುತ್ತಿತ್ತು. ಬದಲಿಸಿದ ಬಟ್ಟೆ ಕಟ್ಟಿ ಮುಗಿಯುವಷ್ಟರಲ್ಲಿ ಮತ್ತೆ ಒದ್ದೆ. ಚಮಚದಮ್ಮ ಹಿಗ್ಗಿದಳು. ಒದ್ದೆ ಬಟ್ಟೆಯೆಂದರೆ ಗೆದ್ದ ಮಗು. ಸೊಸೆಗೆ ಮಾತ್ರ ಅನುಮಾನ.

"ಅತ್ತೆ, ಇದು ಉಚ್ಚೆ ಅಲ್ಲ ಅನ್ಸುತ್ತೆ. ಉಚ್ಚೆ ವಾಸನೆ ಇಲ್ಲ. ಹುಳಿ ಹುಳಿ ವಾಸನೆ. ಇರುವೆ ಬೇರೆ ಬರ್ತಿದೆ. ಹಿಂದಿನಿಂದ ಹೋಗ್ತಿದೆಯೋ ಏನೋ."

"ನಾನು ಉಚ್ಚೆ ಬಟ್ಟೆ ನೋಡೋಕೆ ಶುರು ಮಾಡಿದಾಗ ನೀನು ಹುಟ್ಟೇ ಇರ್ಲಿಲ್ಲ. ನೀರಿನ ಹಾಗೆ ತೆಳ್ಳಗೆ, ಬಣ್ಣ ಇಲ್ಲ, ಗಂಟಿಲ್ಲ. ಇನ್ನೇನು ಗುಲಾಬಿ ನೀರಾ? ಹೊಲಿಗೆಯವಳು ಹೊಲಿಗೆ ನೋಡ್ಕೋ."

ಕೂಸು ಸೊರಗತೊಡಗಿ, ನೆತ್ತಿ ಒಳಕ್ಕೆ ಕುಸಿದ ಮೇಲೆ ಚಮಚದಮ್ಮ ತನ್ನ ಚಮಚ ತೆಗೆದಳು. ಕುಡಿಸಿದಷ್ಟೂ ಬಟ್ಟೆ ಒದ್ದೆಯಾಯಿತು. ಬಟ್ಟೆ ಒದ್ದೆಯಾದಷ್ಟೂ ಆಕೆ ಗೆದ್ದೆನೆಂದುಕೊಂಡು ಮತ್ತಷ್ಟು ಕುಡಿಸಿದಳು. ದೊಡ್ಡಾಸ್ಪತ್ರೆಗೆ ಹೋಗೋಣವೆಂದು ಸೊಸೆ ಗಂಡನ ಕಾಲು ಹಿಡಿದಳು. ಅವನು, "ಅಮ್ಮನಿಗೆ ಗೊತ್ತಿರುತ್ತೆ," ಎಂದು ಡಿಪೋಗೆ ಹೋದ. ಹದಿನಾಲ್ಕನೆಯ ತಾರೀಖು ಆದದ್ದು ಮೊದಲೇ ಹೇಳಿದಂತೆ.

ಮೊಮ್ಮಗ ಸತ್ತ ದುಃಖ ಚಮಚದಮ್ಮನಿಗೆ ಇರಲಿಲ್ಲವೆಂದಲ್ಲ. ಕೂಸಿನ ಟೊಪ್ಪಿಗೆಯನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟುಕೊಂಡದ್ದೂ ಆಕೆಯೇ. ಆದರೆ ಹೆಸರಿನ ಮೇಲೆ ಬಿದ್ದ ಕಲೆ ದುಃಖಕ್ಕಿಂತ ಹೆಚ್ಚು ಉರಿಯುತ್ತಿತ್ತು. ಜೂನ್ ಒಂದರ ಶನಿವಾರ ಸೊಸೆಯನ್ನು ತರಗತಿಗೆ ಎಳೆದುಕೊಂಡು ಹೋಗಿ ಮರದ ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿದಳು.

"ಕೈ ತೋರಿಸೇ."

ಸೊಸೆ ಎರಡೂ ಕೈ ಮುಂದೆ ಚಾಚಿದಳು. ಎರಡು ವಾರದಿಂದ ಅತ್ತೆ ತಾನೇ ಹಿಡಿದು ಬ್ರಷ್ಷಿನಿಂದ ಉಜ್ಜಿದ ಕೈಗಳು. ಗೆಣ್ಣುಗಳ ಮೇಲೆ ಚರ್ಮ ಸುಲಿದು ಕೆಂಪಗಾಗಿತ್ತು.

"ನೋಡ್ರಮ್ಮ, ಈ ಕೈ ಈಗ ಚೊಕ್ಕಟ ಆಗಿದೆ. ಒಂದು ತಿಂಗಳು ಮುಂಚೆ ಆಗಿದ್ರೆ ನನ್ನ ಮೊಮ್ಮಗ ಇರ್ತಿದ್ದ. ಇವಳು ನನ್ನ ಮನೆಯವಳು ಅಂತ ನಾನು ಮುಚ್ಚಿಡಲ್ಲ. ಇವಳನ್ನ ನೋಡಿ ಕಲೀರಿ."

ನಲವತ್ತು ಹೆಂಗಸರು ನೋಡಿದರು. ಪಕ್ಕದ ಮನೆಯ ಟೈಲರಮ್ಮ ಮಾತ್ರ ಮುಖ ತಿರುಗಿಸಿಕೊಂಡಳು. ಅಂದಿನಿಂದ ಹೊಸ ತಂಡ ಬಂದಾಗಲೆಲ್ಲ ಈ ಪ್ರದರ್ಶನ ನಡೆಯಿತು. ಸೊಸೆ ಕರೆದಾಗ ಬಂದು, ಹತ್ತೆಂದಾಗ ಹತ್ತಿ, ಚಾಚೆಂದಾಗ ಚಾಚಿ, ಇಳಿಯೆಂದಾಗ ಇಳಿದು ಮನೆಗೆ ಹೋಗಿ ಅಡುಗೆ ಮಾಡುತ್ತಿದ್ದಳು. ಆ ಮೌನವನ್ನು ಚಮಚದಮ್ಮ ಪಶ್ಚಾತ್ತಾಪವೆಂದು ಓದಿಕೊಂಡಳು.

ಎರಡನೆಯ ಕೂಸು, ಹೆಣ್ಣು, ೧೯೮೭ರ ನವೆಂಬರ್ ಮೂರರ ಮಂಗಳವಾರ ಹುಟ್ಟಿತು. ಚಳಿ ಆಗತಾನೆ ಇಳಿದಿತ್ತು. ಬೆಳಗಿನ ಮಂಜಿಗೆ ಓಣಿಯ ಕೊನೆ ಕಾಣುತ್ತಿರಲಿಲ್ಲ. ಈ ಸಲ ಚಮಚದಮ್ಮ ಅಪಾಯಕ್ಕೆ ಎಡೆಗೊಡಲಿಲ್ಲ. ಹಾಲೂಡುವಾಗ ಹೊರತು ತಾಯಿ ಮಗುವನ್ನು ಮುಟ್ಟಕೂಡದು. ಬಟ್ಟೆ ಬದಲಿಸುವುದು, ತೊಳೆಯುವುದು, ಬಿಸಿನೀರಿನಲ್ಲಿ ಕುದಿಸುವುದು ಎಲ್ಲ ತನ್ನದೇ ಕೈಯಿಂದ. ಐದನೆಯ ದಿನ, ತಾನೇ ಕುದಿಸಬೇಕೆಂದು ಬಕೆಟ್ಟಿನಲ್ಲಿ ಹಾಕಿಟ್ಟ ಒದ್ದೆ ಬಟ್ಟೆಗಳ ಅಂಚಿನಲ್ಲಿ ಇರುವೆಯ ಸಾಲು ಕಂಡಿತು.

ಬೈಯಲು ಸೊಸೆಯ ಕೈ ಅಲ್ಲಿರಲಿಲ್ಲ. ಚಮಚದಮ್ಮ ಇರುವೆಗಳ ಮೇಲೆ ಬಿಸಿನೀರು ಸುರಿದು, ಒಳಗೆ ಹೋಗಿ ದ್ರಾವಣ ಕಲಸಿದಳು.

ಆಕೆ ಕಲಸಿ ತರುವಷ್ಟರಲ್ಲಿ ತೊಟ್ಟಿಲು ಖಾಲಿಯಾಗಿತ್ತು. ಸೊಸೆ ಮಗುವನ್ನು ಎದೆಗೆ ಕಟ್ಟಿಕೊಂಡು, ಬಕೆಟ್ಟಿನಲ್ಲಿದ್ದ ಒಂದು ಬಟ್ಟೆಯನ್ನು ಟೈಲರಮ್ಮ ಕೊಟ್ಟ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು, ಹಿಂಬಾಗಿಲಿನಿಂದ ದೊಡ್ಡಾಸ್ಪತ್ರೆಯ ದಾರಿ ಹಿಡಿದಿದ್ದಳು.

ಅಲ್ಲಿಯ ಮಕ್ಕಳ ವಾರ್ಡಿನ ಗೋಡೆ ಅರ್ಧದವರೆಗೆ ಹಸಿರು, ಮೇಲೆ ಸುಣ್ಣ. ಕಬ್ಬಿಣದ ಮಂಚಗಳು, ಕಿಟಕಿಯ ಸರಳಿಗೆ ಕಟ್ಟಿದ ಸಲೈನ್ ಬಾಟಲಿ. ಮಕ್ಕಳ ಡಾಕ್ಟರು ಕುಳ್ಳಗಿನ ಹೆಂಗಸು, ಮಾತು ಚಾಕುವಿನಂತೆ. ಬಾಯಿಂದ ಏನೂ ಕೊಡಬೇಡಿ, ತಾಯಿಯ ಹಾಲನ್ನೂ ಬೇಡ, ರಕ್ತನಾಳದಿಂದ ಮಾತ್ರ ಎಂದು ಆಜ್ಞೆ ಮಾಡಿದರು. ಮರುದಿನಕ್ಕೆ ಕೂಸಿನ ಬಟ್ಟೆ ಒಣಗಿಯೇ ಇತ್ತು. ನೆತ್ತಿ ಮೇಲೆದ್ದಿತು.

ಹುಡುಕಿಕೊಂಡು ವಾರ್ಡಿಗೆ ಬಂದ ಚಮಚದಮ್ಮನ ಕಣ್ಣಿಗೆ ಕಂಡದ್ದು ಬೇರೆ. ಒಣಗಿದ ಬಟ್ಟೆ! ಮಗು ಉಚ್ಚೆ ಹೊಯ್ದಿಲ್ಲ, ಮೂತ್ರಪಿಂಡ ನಿಂತುಹೋಗುತ್ತಿದೆ, ಈ ಓದಿದ ಹೆಂಗಸು ಕೂಸನ್ನು ಒಣಗಿಸಿ ಕೊಲ್ಲುತ್ತಿದ್ದಾಳೆ. ಸೊಸೆ ಔಷಧಿ ತರಲು ಕೆಳಗೆ ಇಳಿದ ಸಮಯ ನೋಡಿ, ಆಕೆ ಚೀಲದಿಂದ ಬಾಟಲಿ ತೆಗೆದು, ಮೂವತ್ತು ವರ್ಷ ಕೆಲಸ ಮಾಡಿದ ಕೈಯಿಂದ, ಒಂದು ಹನಿ ಚೆಲ್ಲದ ಹಾಗೆ, ಕೂಸಿಗೆ ದ್ರಾವಣ ಕುಡಿಸಿದಳು. ಹಸಿದ ಕೂಸು ಚಪ್ಪರಿಸಿ ಕುಡಿಯಿತು. ಆಕೆಗೆ ಕಣ್ಣು ತುಂಬಿತು.

ಮಧ್ಯಾಹ್ನ ಡಾಕ್ಟರು ಬಂದಾಗ ಬಟ್ಟೆ, ಹಾಸಿಗೆ, ರಬ್ಬರ್ ಹಾಳೆ ಎಲ್ಲ ತೊಯ್ದಿದ್ದವು. ಕೂಸಿನ ಕಣ್ಣು ಮತ್ತೆ ಗುಳಿಗೆ ಬಿದ್ದಿತ್ತು.

"ಯಾರು ಏನು ಕೊಟ್ಟಿದ್ದು?"

"ನಾನೇ," ಎಂದಳು ಚಮಚದಮ್ಮ, ತಲೆ ಎತ್ತಿ. "ನೋಡಿ, ಈಗ ಬಟ್ಟೆ ಒದ್ದೆ ಮಾಡಿದೆ. ಕಾಲರಾ ಬಂದಾಗ ಇನ್ನೂರು ಜನರನ್ನ ಉಳಿಸಿದ ನೀರು ಅದು ಡಾಕ್ಟ್ರೇ. ನಿಮ್ಮ ಬಾಟಲಿ ಬರೋದಕ್ಕೆ ಮುಂಚೆ."

ಡಾಕ್ಟರು ಬೈಯಲಿಲ್ಲ. ಒದ್ದೆ ಬಟ್ಟೆಯನ್ನು ಎತ್ತಿ ಮೂಸಿದರು. ಅವರ ಕಣ್ಣು ಮಂಚದ ಕಾಲಿನ ಬಳಿ ಇದ್ದ ಬಿಸ್ಕತ್ತಿನ ಡಬ್ಬಿಯ ಮೇಲೆ ಬಿತ್ತು. ಸೊಸೆ ಅದನ್ನು ಬಂದ ದಿನದಿಂದ ಎಲ್ಲರಿಗೂ ತೋರಿಸಲು ಹೋಗಿ ಎಲ್ಲರಿಂದಲೂ ಗದರಿಸಿಕೊಂಡಿದ್ದಳು. ಡಾಕ್ಟರು ಮುಚ್ಚಳ ತೆಗೆದರು. ಒಳಗೆ ಒಣಗಿ ಗಡುಸಾದ ಬಟ್ಟೆ, ಅದರ ಮಡಿಕೆಗಳಲ್ಲಿ ಸತ್ತ ಇರುವೆಗಳು.

"ಇರುವೆ ಯಾವಾಗಿಂದ?"

"ಹುಟ್ಟಿದ ಐದನೇ ದಿನದಿಂದ," ಎಂದಳು ಸೊಸೆ. "ಮೊದಲನೇ ಮಗೂಗೂ ಬರ್ತಿತ್ತು."

"ಇವಳಿಗೆ ಚೊಕ್ಕಟ ಇಲ್ಲ, ಅದಕ್ಕೇ..." ಎಂದು ಶುರುಮಾಡಿದ ಚಮಚದಮ್ಮ, ಈ ಸಲ ಬಟ್ಟೆ ಮುಟ್ಟಿದ್ದು ತಾನೇ ಎಂಬುದು ನೆನಪಾಗಿ ಅಲ್ಲಿಗೇ ನಿಲ್ಲಿಸಿದಳು.

ಡಾಕ್ಟರು ಎರಡು ದಿನ ಕೂಸನ್ನು ಮತ್ತೆ ಬಾಟಲಿಯ ಮೇಲಿಟ್ಟರು. ಬಟ್ಟೆ ಒಣಗಿತು. ಆಮೇಲೆ ಗ್ಲೂಕೋಸ್ ಬೆರೆಸಿದ ನೀರನ್ನು ಅಳೆದು ಸ್ವಲ್ಪ ಕುಡಿಸಿದರು, ಬೇಕೆಂದೇ ಕುಡಿಸಿದರು. ಕೂಸು ಹೊಟ್ಟೆ ಉಬ್ಬಿಸಿಕೊಂಡು, ಕಾಲು ಮಡಚಿ ಕಿರುಚುತ್ತ ಹಾಸಿಗೆ ತೋಯಿಸುವುದನ್ನು ತಾಯಿ ನಿಂತು ನೋಡಬೇಕಾಯಿತು. ಮಾರನೆಯ ದಿನ ಅಷ್ಟೇ ಪ್ರಮಾಣದ ಹಣ್ಣಿನ ಸಕ್ಕರೆ. ಏನೂ ಆಗಲಿಲ್ಲ. ಕೂಸು ಕುಡಿದು ನಿದ್ದೆ ಹೋಯಿತು.

ನವೆಂಬರ್ ಹದಿಮೂರರ ಶುಕ್ರವಾರ ಡಾಕ್ಟರು ಮೂವರನ್ನೂ ಮಂಚದ ಸುತ್ತ ಕರೆದರು. ಮಗ ಡಿಪೋದ ಎಣ್ಣೆ ಬಟ್ಟೆಯಲ್ಲೇ ಬಂದಿದ್ದ.

"ಅಮ್ಮಾ, ನಿಮ್ಮ ನೀರು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾ?"

ಪ್ರಶ್ನೆ ಕೇಳಿ ಚಮಚದಮ್ಮನ ಮುಖ ಅರಳಿತು. ಎದ್ದು ನಿಂತು, ಎರಡು ಕೈ ಚಾಚಿ, ಉಪ್ಪು, ಸಕ್ಕರೆ, ಜಿಡ್ಡಿನ ಹೊದಿಕೆ, ಬಾಗಿಲವಳು ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದಳು. ಮೂವರು ಕೈ ಹಿಡಿದಾಗ ಬಾಗಿಲವಳು ತಿರುಗುವ ಬಗೆಯನ್ನು ತಿರುಗಿಯೇ ತೋರಿಸಿದಳು. ಪಕ್ಕದ ಮಂಚದ ಹೆಂಗಸೊಬ್ಬಳು ನಕ್ಕಳು.

"ಒಂದಕ್ಷರ ತಪ್ಪಿಲ್ಲ," ಎಂದರು ಡಾಕ್ಟರು. "ನನ್ನ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಹೇಳಲ್ಲ. ಈಗ ಆ ಬಾಗಿಲವಳನ್ನ ತೆಗೆದುಬಿಡಿ."

"ಅಂದ್ರೆ?"

"ಈ ಮಗೂಗೆ ಅವಳಿಲ್ಲ. ಆ ಪ್ರೋಟೀನು ಕೋಶದೊಳಗೆ ತಯಾರಾಗುವಾಗಲೇ ಕೆಟ್ಟುಹೋಗುತ್ತೆ, ಗೋಡೆಗೆ ಬಂದು ನಿಲ್ಲೋದೇ ಇಲ್ಲ. ಹಾಲಿನ ಸಕ್ಕರೆ ಒಡೆದರೆ ಎರಡಾಗುತ್ತೆ, ಎರಡಕ್ಕೂ ಅದೇ ಬಾಗಿಲು. ಒಳಗೆ ಹೋಗೋಕೆ ದಾರಿಯಿಲ್ಲದ ಸಕ್ಕರೆ ಕರುಳಲ್ಲೇ ನಿಂತು ಮೈಯಲ್ಲಿರೋ ನೀರನ್ನ ಹೊರಗೆ ಎಳೆಯುತ್ತೆ. ನೀವು ಉಚ್ಚೆ ಅಂದುಕೊಂಡಿದ್ದು ಭೇದಿ. ನೀರಿನಷ್ಟು ತೆಳ್ಳಗಿರುತ್ತೆ, ಗೊತ್ತಾಗಲ್ಲ. ಸಕ್ಕರೆ ಇದ್ದದ್ದಕ್ಕೇ ಇರುವೆ ಬಂತು. ಹಣ್ಣಿನ ಸಕ್ಕರೆಗೆ ಬೇರೆ ಬಾಗಿಲಿದೆ, ಅದು ಸರಿಯಾಗಿದೆ. ಮಗು ಅದರಲ್ಲೇ ಬದುಕುತ್ತೆ." ಡಾಕ್ಟರು ಸೊಸೆಯ ಕಡೆ ತಿರುಗಿದರು. "ಮೊದಲನೇ ಮಗು ಏನಾಗಿ ಸತ್ತಿತು?"

"ಕುಡಿದು," ಎಂದಳು ಸೊಸೆ.

ವಾರ್ಡಿನಲ್ಲಿ ಯಾರೋ ತಟ್ಟೆ ಬೀಳಿಸಿದರು. ಮಗ ನೆಲ ನೋಡುತ್ತಿದ್ದ. ಉಪ್ಪು ಸಕ್ಕರೆಗಳನ್ನು ಹಿಡಿಯಲು ಚಾಚಿದ್ದ ಚಮಚದಮ್ಮನ ಕೈಗಳು ಹಾಗೆಯೇ ಚಾಚಿಕೊಂಡಿದ್ದವು. ಆಕೆಗೆ ಏನೋ ಹೇಳಬೇಕಿತ್ತು. ಹೊರಬಂದದ್ದು ಹಳೆಯ ಮಾತೇ.

"ಬಾಗಿಲವಳು ಎಲ್ಲರ ಹೊಟ್ಟೆಯಲ್ಲೂ..."

"ಇರಲ್ಲ. ಲಕ್ಷಕ್ಕೆ, ಹತ್ತು ಲಕ್ಷಕ್ಕೆ ಒಬ್ಬರಿಗೆ ಇರಲ್ಲ. ತಂದೆ ತಾಯಿ ಇಬ್ಬರಿಂದಲೂ ಅದೇ ತಪ್ಪು ಬರಬೇಕು. ಗಂಡ ಹೆಂಡತಿ ನೀವಿಬ್ಬರೂ ಸಂಬಂಧದಲ್ಲೇ?"

"ನಾನು ಅತ್ತೆಯ ಅಣ್ಣನ ಮಗಳು," ಎಂದಳು ಸೊಸೆ.

ಡಾಕ್ಟರು ಬೆರಳಿನಿಂದ ಗಾಳಿಯಲ್ಲಿ ಎರಡು ಗೆರೆ ಎಳೆದರು. "ಹಾಗಾದ್ರೆ ಬಹುಶಃ ಒಂದು ನಿಮ್ಮ ಅಪ್ಪನಿಂದ ನಿಮಗೆ. ಇನ್ನೊಂದು ಇವರಿಂದ ಇವರ ಮಗನಿಗೆ. ಅಮ್ಮಾ, ನೀವು ಇವಳಿಗೆ ಎರಡು ಥರದಲ್ಲಿ ಅತ್ತೆ ಅಲ್ವಾ? ತಪ್ಪೂ ಆ ಎರಡು ದಾರಿಯಲ್ಲೇ ಬಂದಿದೆ."

ಮನೆಗೆ ಮರಳುವಾಗ ಬಸ್ಸಿನಲ್ಲಿ ಚಮಚದಮ್ಮ ಸೊಸೆಯ ಪಕ್ಕದಲ್ಲೇ ಕುಳಿತಿದ್ದಳು. ಸುಲಿದು ಮತ್ತೆ ಬೆಳೆದ ಚರ್ಮದ, ಮಗುವನ್ನು ಹಿಡಿದಿದ್ದ ಆ ಕೈಗಳನ್ನು ನೋಡದಿರಲು ಕಿಟಕಿಯ ಹೊರಗೆ ನೋಡಿದಳು. ಕ್ಷಮೆ ಎಂಬ ಶಬ್ದ ಆಕೆಯ ನಾಲಿಗೆಯಲ್ಲಿ ಎಂದೂ ಹೊರಳಿರಲಿಲ್ಲ. ಈಗ ಹೊರಳಿಸಲು ಹೋಗಿ, "ಮಗೂನ ಸ್ವಲ್ಪ ಕೊಡು, ನಿನಗೆ ಕೈ ನೋಯುತ್ತೆ," ಎಂದಳು.

"ನಿಮ್ಮ ಕೈ ಚೊಕ್ಕಟ ಇಲ್ಲ ಅತ್ತೆ," ಎಂದಳು ಸೊಸೆ, ಬಹಳ ಮೆಲ್ಲಗೆ.

ಆಮೇಲಿನ ಶನಿವಾರ, ನವೆಂಬರ್ ಇಪ್ಪತ್ತೊಂದರಂದು, ಯಾರೂ ಕರೆಯದೆ ಸೊಸೆ ತರಗತಿಗೆ ಬಂದಳು. ಯಾರೂ ಹೇಳದೆ ಸ್ಟೂಲು ಹತ್ತಿದಳು. ಮಗು ಹೆಗಲ ಮೇಲಿತ್ತು.

"ಕೈ ತೊಳೆಯದೆ ಮಗು ಕೊಂದವಳು ಅಂತ ನೀವೆಲ್ಲ ನೋಡಿದ್ದು ನನ್ನನ್ನೇ. ಇವತ್ತು ಸರಿಯಾಗಿ ಕೇಳಿಸಿಕೊಳ್ಳಿ. ನನ್ನ ಮಗನನ್ನ ಕೊಂದಿದ್ದು ಈ ಅಮ್ಮನ ಚಮಚ. ಸಕ್ಕರೆ ನೀರು ಕುಡಿಸಿ ಕುಡಿಸಿ ಕೊಂದರು. ಇವಳನ್ನೂ ಕೊಲ್ಲುತ್ತಿದ್ದರು. ದೊಡ್ಡ ಡಾಕ್ಟ್ರೇ ಹೇಳಿದ್ದಾರೆ. ಬೇಕಿದ್ರೆ ಇವರನ್ನೇ ಕೇಳಿ."

ನಲವತ್ತು ಮುಖಗಳು ಚಮಚದಮ್ಮನ ಕಡೆ ತಿರುಗಿದವು. ಹತ್ತು ಲಕ್ಷಕ್ಕೆ ಒಬ್ಬರು ಎಂಬ ಮಾತನ್ನು ಸೊಸೆ ನುಂಗಿಕೊಂಡಿದ್ದಾಳೆ, ಅದನ್ನು ಈಗಲೇ ಹೇಳಬೇಕು ಎಂದು ಆಕೆಗೆ ಗೊತ್ತಿತ್ತು. ಹೇಳಿದಳು ಕೂಡ. ಆದರೆ ಅಷ್ಟು ಹೊತ್ತಿಗೆ ಹೆಂಗಸರು ಎದ್ದು ಮಾತಿಗೆ ಮಾತು ಬೆಳೆಸುತ್ತಿದ್ದರು. ಲಕ್ಷದ ಲೆಕ್ಕ ಯಾರ ಕಿವಿಗೂ ಬೀಳಲಿಲ್ಲ.

೧೯೮೮ರ ಮೇ ತಿಂಗಳಲ್ಲಿ ಕಾರ್ಖಾನೆಯ ಹಿಂದಿನ ಪೈಪು ಒಡೆದು ಮತ್ತೆ ಕಾಲರಾ ಹಬ್ಬಿತು. ಚಮಚದಮ್ಮ ಹಳೆಯ ಕೊಡ ಹೊತ್ತು ಹೊರಟಳು. ಯಾವ ಮನೆಯೂ ಕದ ತೆರೆಯಲಿಲ್ಲ. "ನಿಮ್ಮ ಮನೆ ಮಗು ಸಾಲದಾ? ನಮ್ಮದೂ ಬೇಕಾ?" ಎಂದು ಕಿಟಕಿಯಿಂದ ಕೂಗಿದರು. ಟೈಲರಮ್ಮನ ಎರಡು ವರ್ಷದ ಮಗ ಬಾಯಾರಿಕೆಯಿಂದ ನಾಲಿಗೆ ಚಾಚುತ್ತಿದ್ದಾಗ ಸೊಸೆಯೇ ಓಡಿಹೋಗಿ, "ಅಕ್ಕಾ, ಕುಡಿಸು, ಇವನಿಗೆ ಏನೂ ಆಗಲ್ಲ, ನನ್ನ ಮಗಳ ಕಾಯಿಲೆ ಬೇರೆ," ಎಂದು ಅಂಗಲಾಚಿದಳು.

"ಸ್ಟೂಲ್ ಮೇಲೆ ನಿಂತು ಹೇಳಿದವಳು ನೀನೇ ತಾನೇ?" ಎಂದು ಟೈಲರಮ್ಮ ಬಾಗಿಲು ಹಾಕಿಕೊಂಡಳು. ಆ ಹುಡುಗ ಮೇ ಹತ್ತೊಂಬತ್ತರಂದು ಸತ್ತ. ಅದೇ ನೀರು, ಅದೇ ಚಮಚ, ಅವನನ್ನು ಉಳಿಸುತ್ತಿತ್ತು.

ಮೇ ಇಪ್ಪತ್ತಮೂರರಂದು ರೋಗ ಚಮಚದಮ್ಮನನ್ನೇ ಹಿಡಿಯಿತು. ಸಂಜೆಯೊಳಗೆ ಕಣ್ಣು ಗುಳಿಬಿದ್ದು, ಕೈಬೆರಳು ನೀರಿನಲ್ಲಿ ನೆನೆಸಿದಂತೆ ಸುಕ್ಕುಗಟ್ಟಿ, ದನಿ ಅಡಗಿತು. ಸೊಸೆ ಹೊಸ್ತಿಲ ಬಳಿ ಸೋಪು, ಬ್ರಷ್ಷು, ಟವೆಲ್ಲು, ಮೂರನ್ನೂ ಅದೇ ಅನುಕ್ರಮದಲ್ಲಿ ಮುಟ್ಟಿದಳು. ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿದಳು. ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಚಮಚದಮ್ಮ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಸಾಯುವುದು ಆಕೆಗೆ ಆ ಕ್ಷಣ ಸುಲಭವಾಗಿ ಕಂಡಿತ್ತು.

"ಬಾಯಿ ಬಿಡಿ ಅತ್ತೆ," ಎಂದು ಸೊಸೆ ಹಲ್ಲಿನ ಸಂದಿಗೆ ಚಮಚ ತೂರಿಸಿದಳು. "ನಿಮ್ಮ ಹೊಟ್ಟೆಯಲ್ಲಿ ಬಾಗಿಲವಳಿದ್ದಾಳೆ. ನೀವು ಅಷ್ಟು ಸುಲಭವಾಗಿ ಹೋಗೋ ಹಾಗಿಲ್ಲ."

ನೀರು ಒಳಗೆ ಹೋಯಿತು. ಬೆಳಗಿನವರೆಗೂ ಹೋಗುತ್ತಲೇ ಇತ್ತು.

ಚಮಚದಮ್ಮ ೧೯೮೮ರ ಮೇ ೨೬ರಂದು ಎದ್ದು ಕುಳಿತಳು; ಜೂನ್ ಆರರಂದು ಕೆಲಸಕ್ಕೆ ಹೋದಳು. ಆ ವರ್ಷದ ಕಾಲರಾದಲ್ಲಿ ಮೂರು ಓಣಿಗಳಲ್ಲಿ ಸತ್ತ ಮಕ್ಕಳು ಹದಿನೇಳು. ಶನಿವಾರದ ತರಗತಿ ಮತ್ತೆ ನಡೆಯಲಿಲ್ಲ. ಟೈಲರಮ್ಮ ೧೯೮೯ರಲ್ಲಿ ಮನೆ ಖಾಲಿಮಾಡಿದಳು. ಚಮಚದಮ್ಮ ೧೯೯೨ರ ಫೆಬ್ರವರಿ ೨೯ರಂದು ನಿವೃತ್ತಳಾದಳು. ಅಧಿಕ ವರ್ಷವಾದ್ದರಿಂದ ಆಕೆಗೆ ಒಂದು ದಿನದ ಕೆಲಸ ಹೆಚ್ಚಾಗಿ ಸಿಕ್ಕಿತು. ಅದೇ ಮನೆಯಲ್ಲಿ, ಮೊಮ್ಮಗಳನ್ನು ಒಮ್ಮೆಯೂ ಎತ್ತಿಕೊಳ್ಳದೆ, ೨೦೦೪ರ ಅಕ್ಟೋಬರ್ ಹನ್ನೊಂದರವರೆಗೆ ಬದುಕಿದ್ದಳು. ಮೊಮ್ಮಗಳು ಹಾಲು, ಸಕ್ಕರೆ, ಹೊಟ್ಟೆಯಲ್ಲಿ ಸಕ್ಕರೆಯಾಗಿ ಒಡೆಯುವ ಅನ್ನ, ಮೂರನ್ನೂ ಬಿಟ್ಟು ಬೆಳೆದಳು. ದೊಡ್ಡವಳಾದಂತೆ ಅನ್ನ ಸ್ವಲ್ಪ ಸ್ವಲ್ಪವಾಗಿ ಹಿಡಿಸಿತು. ಈಗ ಆಕೆಗೆ ಇಬ್ಬರು ಮಕ್ಕಳು. ಇಬ್ಬರ ಬಟ್ಟೆಗೂ ಇರುವೆ ಹತ್ತಲಿಲ್ಲ. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಕೂಸಿನ ಟೊಪ್ಪಿಗೆಯನ್ನು ಸೊಸೆ ಒಲೆಗೆ ಹಾಕಿದಳು. ಚಮಚ ಅಡುಗೆಮನೆಯಲ್ಲಿ ಬಳಕೆಯಲ್ಲಿದೆ.